ಎಂಟು ಪುಸ್ತಕ, ಅರ್ಧಕ್ಕೆ ಬಿಟ್ಟ ಇನ್ನೊಂದು: ಒಂದು ವರ್ಷದ ಓದಿನ ಬಗ್ಗೆ ಚರ್ಚೆ

ಸಾಗರದ ಓದುಗಿ (ಡಿಸೆಂಬರ್ 28, 2025)

ಎಲ್ಲರಿಗೂ ನಮಸ್ಕಾರ. ಈ ವರ್ಷ ನಾನು ಓದಿ ಮುಗಿಸಿದ್ದು ಎಂಟು ಪುಸ್ತಕ, ಅರ್ಧಕ್ಕೆ ಬಿಟ್ಟದ್ದು ಒಂದು. ಶಾಲೆಯ ಪಾಠ, ಮನೆ, ಅತ್ತೆಯವರ ಆರೈಕೆ ಇವೆಲ್ಲ ಮುಗಿದು ರಾತ್ರಿ ಊಟವಾದ ಮೇಲೆ ಸಿಗುವ ಮುಕ್ಕಾಲು ಗಂಟೆಯಲ್ಲಿ ಓದುವವಳು ನಾನು. ಪುಸ್ತಕ ಮುಗಿದ ದಿನವೇ ಮಗನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಎರಡು ಮೂರು ಸಾಲು ಬರೆದಿಡುವುದು ರೂಢಿ. ಅವನ್ನು ಇದ್ದ ಹಾಗೆಯೇ ಇಲ್ಲಿ ಹಾಕುತ್ತಿದ್ದೇನೆ.

ಮಲೆಗಳಲ್ಲಿ ಮದುಮಗಳು (ಎರಡನೆಯ ಓದು): ಕಾಲೇಜಿನಲ್ಲಿದ್ದಾಗ ಚಿನ್ನಮ್ಮ ಮುಕುಂದಯ್ಯರ ಕಥೆ ಏನಾಯಿತೆಂಬ ಆತುರಕ್ಕೆ ಪುಟ ಹಾರಿಸಿದ್ದೆ. ಈ ಸಲ ಗುತ್ತಿಯ ನಾಯಿ ಹುಲಿಯನ ಹಿಂದೆಯೇ ಹೋದೆ. ತುಂಬಿದ ತುಂಗೆಯಲ್ಲಿ ಅದು ಕೊಚ್ಚಿಹೋದದ್ದನ್ನು ಓದಿ ದೀಪ ಆರಿಸಿದೆ, ನಿದ್ದೆ ಬರಲಿಲ್ಲ.

ಕರ್ವಾಲೊ: ಏಳನೆಯ ತರಗತಿಯ ಮಗನಿಗೆ ದಿನಕ್ಕಿಷ್ಟು ಎಂದು ಓದಿ ಹೇಳಿದೆ. ಹಾರುವ ಓತಿ ಯಾರ ಕೈಗೂ ಸಿಗದೆ ತೇಲಿಹೋದಾಗ ಅವನು ಎದ್ದು ಕುಳಿತು, 'ಸಿಗದಿದ್ದದ್ದೇ ಒಳ್ಳೆಯದಾಯ್ತು ಅಮ್ಮ' ಎಂದ. ನನ್ನ ಟಿಪ್ಪಣಿಯೂ ಅದೇ.

ಮರಳಿ ಮಣ್ಣಿಗೆ: ರಾಮ ಐತಾಳರ ಮನೆಯ ಮೂರು ತಲೆಮಾರು. ಲಚ್ಚನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಚಂದ್ರಗಿರಿಯ ತೀರದಲ್ಲಿ: ಒಂದೇ ಭಾನುವಾರದಲ್ಲಿ ಮುಗಿಯಿತು. ಗಂಡನ ಬಳಿಗೆ ಹಿಂತಿರುಗಬೇಕಾದರೆ ನಾದಿರಾ ಬೇರೊಬ್ಬನೊಂದಿಗೆ ಒಂದು ದಿನದ ಮದುವೆಗೆ ಒಪ್ಪಬೇಕಾಗುತ್ತದೆ. ಕಡೆಯ ಪುಟ ಮುಚ್ಚಿ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ.

ಎದೆಯ ಹಣತೆ ಮತ್ತು ಬಾನು ಮುಷ್ತಾಕರ ಇತರ ಕಥೆಗಳು: ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಓದಿದೆ. ಇದಕ್ಕೂ ಮೊದಲು ಓದಬೇಕಿತ್ತು. ಸೀಮೆಎಣ್ಣೆ ಸುರಿದುಕೊಂಡ ತಾಯಿಯ ಬಳಿಗೆ ಸಲ್ಮಾ ಕೂಸನ್ನೆತ್ತಿಕೊಂಡು ಓಡಿಬರುವ ಗಳಿಗೆ ಮರೆಯುವಂಥದ್ದಲ್ಲ.

ಶಿಕಾರಿ: ಮುಂಬಯಿಯ ಕಂಪನಿಯೊಂದರಲ್ಲಿ ನಾಗಪ್ಪನ ಸುತ್ತ ಹೆಣೆದ ಸಂಚು. ಯಾವ ತಪ್ಪಿಗೆಂದು ತಿಳಿಯದೆ ವಿಚಾರಣೆಗೆ ನಿಲ್ಲುವವನ ಭಯ ನನಗೂ ಅಂಟಿತು. ನಡುವೆ ದಣಿದೆ, ಬಿಡಲಿಲ್ಲ.

ಹಳ್ಳ ಬಂತು ಹಳ್ಳ: ಮಾತಿನ ಸೊಗಸಿಗಾಗಿ ಓದಿದೆ. ಕಥೆಯ ಎಳೆ ಅಲ್ಲಲ್ಲಿ ಕೈತಪ್ಪುತ್ತದೆ.

ಗೃಹಭಂಗ: ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡ ವಾರ ಕೈಗೆತ್ತಿಕೊಂಡೆ. ನಂಜಮ್ಮ ಮುತ್ತುಗದ ಎಲೆ ಹಚ್ಚಿ, ಗಂಡ ಬರೆಯಬೇಕಾದ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ಎಳೆಯುತ್ತಾಳೆ. ಪ್ಲೇಗು ಬರುವ ಅಧ್ಯಾಯಗಳನ್ನು ಒಂದೇ ರಾತ್ರಿ ಓದಲಾಗಲಿಲ್ಲ.

ದೇವನೂರ ಮಹಾದೇವರ ಕುಸುಮಬಾಲೆ: ಮೂವತ್ತು ಪುಟಕ್ಕೆ ನಿಲ್ಲಿಸಿದೆ. ಭಾಷೆ ತೊಡಕು.

ಧಾರವಾಡದ ನಿವೃತ್ತ ಅಧ್ಯಾಪಕ (ಡಿಸೆಂಬರ್ 28)

ತಂಗಿ, ನಿಮ್ಮ ಪಟ್ಟಿಯಲ್ಲಿ ಹಗುರವಾದ ಪುಸ್ತಕ ಒಂದೂ ಇಲ್ಲ. ದಿನದ ಕೊನೆಯ ಮುಕ್ಕಾಲು ಗಂಟೆಯನ್ನು ಇವುಗಳಿಗೆ ಕೊಟ್ಟಿದ್ದೀರಿ ಎಂಬುದೇ ನನಗೆ ಗೌರವದ ಸಂಗತಿ. ಆದರೂ ಎರಡು ಮಾತು ಹೇಳದೆ ಇರಲಾರೆ, ತಪ್ಪು ತಿಳಿಯಬೇಡಿರಿ.

ಶ್ರೀನಿವಾಸ ವೈದ್ಯರ 'ಹಳ್ಳ ಬಂತು ಹಳ್ಳ' ಕಾದಂಬರಿಯಲ್ಲಿ ಕಥೆಯ ಎಳೆ ಕೈತಪ್ಪುತ್ತದೆ ಎಂದಿದ್ದೀರಿ. 1857ರ ಗದ್ದಲದ ಕಾಲದಿಂದ ಹಿಡಿದು ಸ್ವಾತಂತ್ರ್ಯದ ಕಾಲದವರೆಗೆ ನವಲಗುಂದದ ಒಂದು ಮನೆತನವನ್ನು ಹಿಂಬಾಲಿಸುವ ಪುಸ್ತಕವದು. ನಮ್ಮ ಕಡೆ ಹಳ್ಳ ವರ್ಷದ ಬಹುಕಾಲ ಬತ್ತಿರುತ್ತದೆ, ಮಳೆಯಾದಾಗ ಒಮ್ಮೆಲೇ ಬಂದು ದಂಡೆಯ ಮೇಲಿದ್ದದ್ದನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಅಂಥ ಹಳ್ಳದ ಹೆಸರಿಟ್ಟುಕೊಂಡ ಕಥೆ ಕಾಲುವೆಯ ಹಾಗೆ ನೇರವಾಗಿ ಹರಿಯಲೆಂದು ಬಯಸುವುದು ಎಷ್ಟು ಸರಿ ಎಂದು ನೀವೇ ಯೋಚಿಸಿರಿ. ಪ್ರತಿ ಮನೆಯ ಹಜಾರದಲ್ಲಿ ಮುದುಕರು ಹೇಳುವ ಕಥೆಯೂ ಹೀಗೆಯೇ ಒಂದು ಸಾವಿನಿಂದ ಒಂದು ಮದುವೆಗೆ, ಅಲ್ಲಿಂದ ಊರಿನ ಇನ್ನಾವುದೋ ಜಗಳಕ್ಕೆ ಹೊರಳುತ್ತದೆ. ಎಳೆ ತಪ್ಪಿದೆ ಎಂದು ನಿಮಗೆ ಅನಿಸಿದ ಜಾಗಗಳಲ್ಲೇ ಆ ಪುಸ್ತಕದ ಜೀವವಿದೆ ಎಂಬುದು ನನ್ನ ನಂಬಿಕೆ.

ಎರಡನೆಯದು ಹೆಚ್ಚು ಗಂಭೀರವಾದದ್ದು. 'ಭಾಷೆ ತೊಡಕು' ಎಂಬ ಎರಡು ಶಬ್ದಗಳಲ್ಲಿ ಕುಸುಮಬಾಲೆಯನ್ನು ಬದಿಗಿಟ್ಟಿದ್ದೀರಿ. ನೀವು ಶಿಕ್ಷಕಿ. ನಿಮ್ಮ ಮಾತು ಕೇಳಿ ಪುಸ್ತಕ ಹಿಡಿಯುವವರಿದ್ದಾರೆ, ನಿಮ್ಮ ಮಾತು ಕೇಳಿ ಕೆಳಗಿಡುವವರೂ ಇರುತ್ತಾರೆ. ಮೂವತ್ತು ಪುಟ ಓದಿದವರು ಆ ಪುಸ್ತಕದ ಬಗ್ಗೆ ಮಾತಾಡದೆ ಇರುವುದೇ ನ್ಯಾಯವಲ್ಲವೇ? ವರ್ಷದ ಲೆಕ್ಕದಲ್ಲಿ ಓದಿ ಮುಗಿಸಿದ್ದು ಮಾತ್ರ ಇರಲಿ ಎಂಬುದು ನನ್ನ ನಿಲುವು.

ಹಾಸನದ ಗ್ರಂಥಪಾಲಕಿ (ಡಿಸೆಂಬರ್ 29)

ಮೇಷ್ಟ್ರೇ, ಎರಡು ಸಾಲಿನ ಮಾತು ಪುಸ್ತಕಕ್ಕೆ ಅನ್ಯಾಯ ಮಾಡುತ್ತದೆ ಎಂಬುದನ್ನು ನಾನು ಒಪ್ಪಲಾರೆ, ಏಕೆಂದರೆ ಗ್ರಂಥಾಲಯದ ಮೇಜಿನ ಹಿಂದೆ ಕುಳಿತು ನಾನು ದಿನವೂ ನೋಡುವುದು ಇದಕ್ಕೆ ವಿರುದ್ಧವಾದದ್ದನ್ನೇ. ಪತ್ರಿಕೆಯ ಪೂರ್ಣಪುಟದ ವಿಮರ್ಶೆಯನ್ನು ಕತ್ತರಿಸಿ ತಂದು ಪುಸ್ತಕ ಕೇಳಿದವರನ್ನು ನಾನು ಕಂಡದ್ದು ಅಪರೂಪ. 'ಪಕ್ಕದ ಮನೆಯವರು ಓದಿ ಅತ್ತರಂತೆ, ಅದು ಯಾವ ಪುಸ್ತಕ?' ಎಂದು ಬರುವವರು ವಾರಕ್ಕೊಬ್ಬರಾದರೂ ಇರುತ್ತಾರೆ. ಬಾನು ಮೇಡಂ ನಮ್ಮ ಊರಿನವರೇ ಆದರೂ, ಬಹುಮಾನದ ಸುದ್ದಿ ಬರುವವರೆಗೆ ಅವರ ಪುಸ್ತಕಗಳು ನಮ್ಮ ಕಪಾಟಿನಲ್ಲಿ ಬಹಳ ಕಾಲ ಅಲುಗಾಡದೆ ನಿಂತಿದ್ದವು. ಸುದ್ದಿ ಬಂದ ಮೇಲೆ ಒಯ್ದವರಲ್ಲಿ ಒಬ್ಬ ಹೆಂಗಸು ಪುಸ್ತಕ ಹಿಂತಿರುಗಿಸುವಾಗ 'ನಮ್ಮನೇಲಿ ನಡೆದದ್ದು ಇವರಿಗೆ ಯಾರು ಹೇಳಿದ್ರು?' ಎಂದು ಕೇಳಿದರು. ಅದು ಒಂದೇ ಸಾಲು. ಆ ಸಾಲನ್ನು ನಾನು ಬಂದವರಿಗೆಲ್ಲ ಹೇಳಿದೆ, ಕೇಳಿದವರು ಒಯ್ದರು.

ಅರ್ಧಕ್ಕೆ ಬಿಟ್ಟದ್ದನ್ನು ಬರೆಯಬಾರದು ಎಂಬ ಮಾತಿನಲ್ಲಿ ಇನ್ನೊಂದು ಅಪಾಯವಿದೆ. ಮುಗಿಸಿದ್ದನ್ನು ಮಾತ್ರ ತೋರಿಸುವ ಪಟ್ಟಿ ನೋಡಿದ ಹೊಸ ಓದುಗರು, ಉಳಿದವರೆಲ್ಲ ಹಿಡಿದ ಪುಸ್ತಕವನ್ನು ಸಲೀಸಾಗಿ ಮುಗಿಸುತ್ತಾರೆ, ತನ್ನೊಬ್ಬನಿಗೆ ಮಾತ್ರ ಆಗುವುದಿಲ್ಲ ಎಂದುಕೊಂಡು ಓದನ್ನೇ ಬಿಡುತ್ತಾರೆ.

ನಂಜನಗೂಡು ಸೀಮೆಯವನು (ಡಿಸೆಂಬರ್ 29)

ಅಕ್ಕ, ನಾನು ಕುಸುಮಬಾಲೆಯ ಭಾಷೆಯ ಊರಿನವನು. ನೀವು ಬರೆದದ್ದು ಓದಿ ನನಗೆ ಸಿಟ್ಟು ಬರಲಿಲ್ಲ, ಏಕೆಂದರೆ ಮೊದಲ ಸಲ ನಾನೂ ಎಡವಿದ್ದೆ. ನಮ್ಮ ಮನೆಯಲ್ಲಿ ಆಡುವ ಮಾತೇ ಅಚ್ಚಾಗಿ ಎದುರಿಗೆ ಬಂದಾಗ ನನ್ನ ಕಣ್ಣಿಗೆ ಅದರ ಗುರುತು ಸಿಗಲಿಲ್ಲ. ಹತ್ತನೆಯ ತರಗತಿಯವರೆಗೆ ಪಠ್ಯಪುಸ್ತಕದ ಕನ್ನಡವನ್ನಷ್ಟೇ ಕಂಡು ಪಳಗಿದ ಕಣ್ಣು ಅದು. ನಮ್ಮ ಕಡೆ ಪದದ ಮೊದಲ ಹಕಾರ ನಿಲ್ಲುವುದಿಲ್ಲ: ಹಟ್ಟಿ ಅಟ್ಟಿಯಾಗುತ್ತದೆ, ಹೋಗು ಓಗು ಆಗುತ್ತದೆ, ಹೊಟ್ಟೆ ಒಟ್ಟೆಯಾಗುತ್ತದೆ. ಕಾಗದದ ಮೇಲೆ 'ಅಟ್ಟಿ' ಎಂದು ಕಂಡರೆ ಅಟ್ಟಿಸಿಕೊಂಡು ಹೋಗುವ ಮಾತೇ ಎಂದು ಕಣ್ಣು ಅರೆಗಳಿಗೆ ನಿಲ್ಲುತ್ತದೆ. ಅದೇ ಪದವನ್ನು ನಮ್ಮವ್ವ ಬಾಗಿಲಲ್ಲಿ ನಿಂತು ಕೂಗಿದರೆ ಕಿವಿ ನಿಲ್ಲುವುದೇ ಇಲ್ಲ.

ನನಗೆ ಆ ಪುಸ್ತಕ ತೆರೆದದ್ದು ಹೀಗೆ. ಒಂದು ರಾತ್ರಿ ಕರೆಂಟು ಹೋಗಿತ್ತು. ಮೊಬೈಲಿನ ಬೆಳಕಿನಲ್ಲಿ ನಮ್ಮವ್ವನಿಗೆ ಎರಡು ಪುಟ ಗಟ್ಟಿಯಾಗಿ ಓದಿದೆ. ನಾನು ಪದ ಪದ ಬಿಡಿಸಿ ಓದುತ್ತಿದ್ದರೆ ಅವ್ವ ನನಗಿಂತ ಮುಂದೆ ಹೋಗಿ ವಾಕ್ಯ ಮುಗಿಸುತ್ತಿದ್ದರು! ಅಕ್ಷರ ಬಾರದ ನಮ್ಮವ್ವ ನನಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿಯ ಅರ್ಥ ಹೇಳಿಕೊಟ್ಟರು. ಮನೆಮನೆಯ ಜೋತಮ್ಮಂದಿರು ರಾತ್ರಿ ಒಂದೆಡೆ ಸೇರಿ ಮಾತಾಡಿಕೊಳ್ಳುವ ಭಾಗ ಬಂದಾಗ, ಅದು ಕಟ್ಟುಕಥೆಯೆಂದು ಅವರಿಗೆ ಅನಿಸಲೇ ಇಲ್ಲ. ದೀಪಗಳು ಮಾತಾಡುತ್ತವೆ ಎಂಬುದು ಅವರಿಗೆ ಮೊದಲೇ ಗೊತ್ತಿದ್ದ ಸಂಗತಿ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಮಗನಿಗೆ ಕರ್ವಾಲೊ ಓದಿ ಹೇಳಿದ ಹಾಗೆ ಇದನ್ನೂ ಗಟ್ಟಿಯಾಗಿ ಓದಿ ನೋಡಿ. ಅದಕ್ಕೂ ಮುಂಚೆ ಸಾಧ್ಯವಾದರೆ ದೇವನೂರರದೇ ಒಡಲಾಳ ಓದಿ. ಕಳೆದುಹೋದ ಹುಂಜವನ್ನು ಹುಡುಕುವ ಸಾಕವ್ವ, ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆ ರಾತ್ರಿಯೆಲ್ಲ ಕೂತು ತಿನ್ನುವ ಆ ಸಂಭ್ರಮ. ಅಲ್ಲಿ ಮಾತುಕತೆ ಮಾತ್ರ ನಮ್ಮ ಸೀಮೆಯದು, ಕಥೆ ಹೇಳುವ ದನಿ ನಿಮಗೆ ಪರಿಚಯದ್ದೇ. ಕುಸುಮಬಾಲೆಯಲ್ಲಿ ಹೇಳುವ ದನಿಯೂ ನಮ್ಮದೇ ಆಗಿಬಿಡುತ್ತದೆ, ಕಷ್ಟವಾಗುವುದು ಅದಕ್ಕೆ. ಒಡಲಾಳದಲ್ಲಿ ಕಿವಿ ಪಳಗಿಸಿಕೊಂಡು ಬಂದರೆ ಹಾದಿ ಸಲೀಸು.

ಮೇಷ್ಟ್ರ ಮಾತಿಗೂ ಒಂದು ಸೇರಿಸುತ್ತೇನೆ. 'ಭಾಷೆ ತೊಡಕು' ಎಂದು ಬರೆದಾಗ ತೊಡಕು ಭಾಷೆಯದಾಗುತ್ತದೆ. ಆ ಭಾಷೆಯನ್ನು ಹುಟ್ಟಿನಿಂದ ಆಡುವ ಲಕ್ಷಾಂತರ ಜನರಿದ್ದೇವೆ, ನಮಗೆ ಅದು ತೊಡಕಲ್ಲ. ಇದನ್ನು ನೋವಿನಿಂದ ಹೇಳುತ್ತಿಲ್ಲ, ತಿದ್ದಿಕೊಂಡರೆ ಚೆನ್ನ ಎಂದು ಹೇಳುತ್ತಿದ್ದೇನೆ.

ದುಬೈ ಕನ್ನಡಿಗ (ಡಿಸೆಂಬರ್ 30)

ನನ್ನ ವರ್ಷದ ಓದು ಇದಕ್ಕಿಂತ ಸಣ್ಣದು, ಆದರೆ ಒಂದು ಪುಸ್ತಕದ ಬಗ್ಗೆ ಹೇಳಬೇಕೆನಿಸಿತು. ಬಾನು ಮುಷ್ತಾಕರ ಹನ್ನೆರಡು ಕಥೆಗಳನ್ನು ನಾನು ಇಂಗ್ಲಿಷಿನಲ್ಲಿ, ದೀಪಾ ಭಾಸ್ತಿಯವರ ಅನುವಾದದಲ್ಲಿ ಓದಿದೆ. ಕನ್ನಡ ಬಲ್ಲವನು ಇಂಗ್ಲಿಷಿನಲ್ಲಿ ಓದುವುದೇ ಎಂದು ಇಲ್ಲಿ ಕೆಲವರು ಹಿಂದೆ ಬೇರೊಂದು ಚರ್ಚೆಯಲ್ಲಿ ಬೇಸರ ಪಟ್ಟಿದ್ದರು. ನನ್ನ ಮಗಳು ಇಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಇಬ್ಬರೂ ಒಂದೇ ಪ್ರತಿಯನ್ನು ಓದಬೇಕಾದರೆ ಬೇರೆ ದಾರಿ ಇರಲಿಲ್ಲ. ಆ ಅನುವಾದದಲ್ಲಿ ಕನ್ನಡದ, ಉರ್ದುವಿನ ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿಲ್ಲ, ಅಡಿಟಿಪ್ಪಣಿಯೂ ಇಲ್ಲ. ಹಾಗಾಗಿ ಮಗಳು ಪ್ರತಿ ಸಂಜೆ ನನ್ನ ಬಳಿ ಬಂದು ಒಂದೊಂದು ಪದ ಕೇಳಿದಳು, ನನಗೆ ತಿಳಿಯದ್ದನ್ನು ನಾನು ಹಾಸನದಲ್ಲಿರುವ ಅಕ್ಕನಿಗೆ ಫೋನು ಮಾಡಿ ಕೇಳಿದೆ. ಅಡಿಟಿಪ್ಪಣಿ ಇದ್ದಿದ್ದರೆ ಆ ಮೂರು ವಾರ ನಮ್ಮ ಮೂವರ ನಡುವೆ ಅಷ್ಟು ಮಾತು ನಡೆಯುತ್ತಿರಲಿಲ್ಲ.

ಎದೆಯ ಹಣತೆ ಓದಿ ಮುಗಿಸಿ ಅವಳು ಹೇಳಿದ್ದು ಒಂದೇ ಮಾತು: 'ಅಪ್ಪ, ಎಲ್ಲರೂ ಸೇರಿ ಸಲ್ಮಾ ಮೇಲೆ ಎಷ್ಟು ಭಾರ ಹಾಕಿದ್ರು.' ನಾನು ಆ ಕಥೆಯನ್ನು ತಾಯಿಯ ಕಥೆಯೆಂದೇ ಓದಿದ್ದೆ. ಆ ಒಂದು ಮಾತಿನಿಂದಾಗಿ ಎರಡನೆಯ ಸಲ ಓದಿದೆ. ಆದ್ದರಿಂದ ಚಿಕ್ಕ ಪ್ರತಿಕ್ರಿಯೆಯ ಪರವಾಗಿ ನನ್ನದೊಂದು ಮತ.

ಕೋಟದ ಕಡೆಯವಳು (ಡಿಸೆಂಬರ್ 30)

ನಾನು ಯಾರ ಪಕ್ಷವೆಂದು ನನಗೇ ನಿಶ್ಚಯವಾಗಿಲ್ಲ. ಮರಳಿ ಮಣ್ಣಿಗೆಯ ಬಗ್ಗೆ ಅಕ್ಕ ಬರೆದ ಎರಡು ವಾಕ್ಯ ಓದಿದಾಗ, ಲಚ್ಚನ ಮೇಲೆ ಸಿಟ್ಟು ಬಂದದ್ದು ಸಹಜವೆಂದು ತಲೆಯಾಡಿಸಿದೆ, ಮರುಗಳಿಗೆಯೇ ಸಂಕಟವಾಯಿತು. ಆ ಮನೆಯನ್ನು ಐತಾಳರ ಮನೆ ಎಂದು ಕರೆದು, ಹಾಳು ಮಾಡಿದ ಮಗನನ್ನು ಬೈದರೆ, ಅದನ್ನು ಹೊತ್ತು ನಿಂತವರು ಎಲ್ಲಿ ಹೋದರು? ಐತಾಳರ ಹೆಂಡತಿ ಪಾರೋತಿ, ಒಡಹುಟ್ಟಿದ ಸರಸೋತಿ, ಆಮೇಲೆ ಲಚ್ಚನ ಹೆಂಡತಿ ನಾಗವೇಣಿ. ನಮ್ಮ ಅಜ್ಜಿ ಆ ಪುಸ್ತಕ ಓದಿದವರಲ್ಲ, ಆದರೆ ಅದರೊಳಗಿನ ಬದುಕು ಅವರದೇ. ಮಳೆಗಾಲದಲ್ಲಿ ಹೊತ್ತು ಮೂಡುವ ಮೊದಲೇ ಗದ್ದೆಗಿಳಿದು, ಕಾಲ ಬೆರಳ ಸಂದಿ ಕೊಳೆತು ಬಿಳಿಚಿದ ಮೇಲೂ ಮನೆಗೆ ಬಂದು ಒದ್ದೆ ಕಟ್ಟಿಗೆ ಊದಿ ಒಲೆ ಹೊತ್ತಿಸಿ ಗಂಜಿ ಬೇಯಿಸುತ್ತಿದ್ದರು. ಕಾರಂತಜ್ಜ ಎಂಬತ್ತು ವರ್ಷಗಳ ಹಿಂದೆ ಆ ದುಡಿತಕ್ಕೆ ಪುಟಗಟ್ಟಲೆ ಜಾಗ ಕೊಟ್ಟರು. ಗಂಡ ಕೈಬಿಟ್ಟ ಮೇಲೆ ಪಿಟೀಲಿನ ನಾದ ಹಿಡಿದು ಬದುಕಿದ ನಾಗವೇಣಿಯನ್ನು ಬಿಟ್ಟು ಆ ಕಾದಂಬರಿಯ ನೆನಪನ್ನು ಲಚ್ಚನಿಗೆ ಒಪ್ಪಿಸುವುದು ನನಗೆ ಒಪ್ಪಿಗೆಯಲ್ಲ.

ಎರಡು ಸಾಲಿನಲ್ಲಿ ಒಬ್ಬರಿಗಷ್ಟೇ ಜಾಗವಿರುತ್ತದೆ, ಅದು ಸಾಮಾನ್ಯವಾಗಿ ಗದ್ದಲ ಮಾಡಿದವರಿಗೆ ಸಿಗುತ್ತದೆ, ಮೌನವಾಗಿ ದುಡಿದವರಿಗಲ್ಲ. ಈ ಒಂದು ವಿಷಯದಲ್ಲಿ ಧಾರವಾಡದ ಸರ್ ಹೇಳಿದ್ದು ಸರಿ ಎನಿಸುತ್ತದೆ.

ಧಾರವಾಡದ ನಿವೃತ್ತ ಅಧ್ಯಾಪಕ (ಡಿಸೆಂಬರ್ 31)

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಗ್ರಂಥಪಾಲಕಿಯವರು ಹೇಳಿದ್ದರಲ್ಲಿ ನಾನು ಕಾಣದಿದ್ದ ಸಂಗತಿಯೊಂದಿದೆ. ಮೂವತ್ತು ವರ್ಷ ಪಾಠ ಹೇಳಿದವನು ನಾನು, ನನ್ನ ಮುಂದೆ ಕುಳಿತವರು ಓದಲೇಬೇಕಾದವರು, ಗ್ರಂಥಪಾಲಕಿಯವರ ಮುಂದೆ ನಿಲ್ಲುವವರು ಓದಬೇಕೆಂದು ಬಂದವರು. ಚಿಕ್ಕ ಟಿಪ್ಪಣಿಯನ್ನು ವಿಮರ್ಶೆಯ ಅಳತೆಗೋಲಿನಿಂದ ಅಳೆದದ್ದು ನನ್ನ ತಪ್ಪು, ಅದನ್ನು ಒಪ್ಪುತ್ತೇನೆ.

ಆದರೆ ನಂಜನಗೂಡಿನ ತಮ್ಮ ತೋರಿಸಿದ ಮಾತನ್ನು ಇನ್ನೊಂದಿಷ್ಟು ಹಿಡಿದೆಳೆಯಬೇಕು. ಸಾಗರದ ತಂಗಿಯ ಟಿಪ್ಪಣಿಗಳನ್ನು ಮತ್ತೆ ನೋಡಿರಿ. 'ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ', 'ನಿದ್ದೆ ಬರಲಿಲ್ಲ', 'ನಡುವೆ ದಣಿದೆ' ಎಂಬಲ್ಲೆಲ್ಲ ಓದಿದವರು ಕಾಣುತ್ತಾರೆ, ಅವರಿಗೆ ಏನಾಯಿತೆಂಬುದು ತಿಳಿಯುತ್ತದೆ, ಪುಸ್ತಕ ತನ್ನ ಪಾಡಿಗೆ ತಾನು ಉಳಿಯುತ್ತದೆ. 'ಎಳೆ ಕೈತಪ್ಪುತ್ತದೆ', 'ಭಾಷೆ ತೊಡಕು' ಎಂಬ ಎರಡು ಕಡೆ ಮಾತ್ರ ಓದಿದವರು ಮರೆಯಾಗಿ ತೀರ್ಪೊಂದೇ ನಿಂತಿದೆ. ನನಗೆ ಚುಚ್ಚಿದವು ಅವೆರಡೇ ಎಂದು ಈಗ ತಿಳಿಯುತ್ತಿದೆ. ಆ ಎರಡೂ ಪುಸ್ತಕಗಳು ಪಠ್ಯಪುಸ್ತಕದ ಕನ್ನಡವನ್ನು ಬಿಟ್ಟು ತಮ್ಮ ತಮ್ಮ ಸೀಮೆಯ ಕನ್ನಡದಲ್ಲಿ ಬರೆದವು ಎಂಬುದನ್ನೂ ಗಮನಿಸಿರಿ. ತಂಗಿ, ನಿಮ್ಮ ಮನಸ್ಸಿನಲ್ಲಿ ಯಾವ ಅನಾದರವೂ ಇರಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಶಾಲೆಗಳು ನಮ್ಮೆಲ್ಲರ ಕಿವಿಯನ್ನು ಹಾಗೆ ತಿದ್ದಿವೆ, ಹಾಗೆ ತಿದ್ದಿದವರಲ್ಲಿ ನಾನೂ ಒಬ್ಬ.

ಅರ್ಧ ಓದಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ನನ್ನ ಮಾತನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ಸಾಗರದ ಓದುಗಿ (ಜನವರಿ 1, 2026)

ಮೇಷ್ಟ್ರೇ, ನೀವು ಹೇಳಿದ ಮೇಲೆ ನೋಟ್‌ಬುಕ್ ತೆಗೆದು ಕುಸುಮಬಾಲೆಯ ಪುಟ ನೋಡಿದೆ. ಟಿಪ್ಪಣಿಯ ಮೇಲೆ ತಾರೀಕು ಹಾಕಿದ್ದೆ: ಜುಲೈ 19. ಅದನ್ನು ನೋಡಿದೊಡನೆ ಎಲ್ಲ ನೆನಪಾಯಿತು. ಅತ್ತೆಯವರು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ ಹತ್ತು ದಿನಗಳಲ್ಲಿ ಅದೂ ಒಂದು. ಹಾಸಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಗ್ಲೂಕೋಸ್ ಬಾಟಲಿ ಮುಗಿಯುವುದನ್ನು ನೋಡುತ್ತ, ನಡುನಡುವೆ ಒಂದೊಂದು ಪುಟ ಓದಿದ್ದೆ. ಗಟ್ಟಿಯಾಗಿ ಓದುವುದಿರಲಿ, ತುಟಿ ಅಲುಗಿಸುವ ಹಾಗೂ ಇರಲಿಲ್ಲ. ಅಂಥ ಹತ್ತು ದಿನಗಳಲ್ಲಿ ಯಾವ ಪುಸ್ತಕ ಹಿಡಿದಿದ್ದರೂ ಮೂವತ್ತು ಪುಟಕ್ಕೆ ನಿಲ್ಲುತ್ತಿತ್ತೇನೋ. ಆದರೆ ನಾನು ಅದನ್ನು ಬರೆಯದೆ 'ಭಾಷೆ ತೊಡಕು' ಎಂದು ಬರೆದೆ. ನಂಜನಗೂಡಿನ ತಮ್ಮನ ಕ್ಷಮೆ ಕೇಳುತ್ತೇನೆ.

ಆದರೂ ಅರ್ಧ ಓದಿದ್ದನ್ನು ಪಟ್ಟಿಯಿಂದ ತೆಗೆಯಲಾರೆ. ತೆಗೆದಿದ್ದರೆ ಈ ನಾಲ್ಕು ದಿನಗಳಲ್ಲಿ ನನಗೆ ಸಿಕ್ಕಿದ್ದು ಯಾವುದೂ ಸಿಗುತ್ತಿರಲಿಲ್ಲ. ಹಳೆಯ ಸಾಲನ್ನು ಹೊಡೆದುಹಾಕದೆ ಅದರ ಕೆಳಗೆ 'ಆಸ್ಪತ್ರೆಯಲ್ಲಿ, ಮೌನವಾಗಿ ಓದಿದ್ದು, ಆಗಲಿಲ್ಲ' ಎಂದು ಬರೆದಿದ್ದೇನೆ. ಹಳ್ಳ ಬಂತು ಹಳ್ಳಕ್ಕೂ ಒಂದು ಸಾಲು ಸೇರಿಸಬೇಕು, ಅದಕ್ಕೆ ಮುಂಚೆ ಇನ್ನೊಮ್ಮೆ ಓದಬೇಕು. ಕೋಟದ ತಂಗಿ, ಸರಸೋತಿಯ ಹೆಸರಿಲ್ಲದೆ ಆ ಟಿಪ್ಪಣಿ ಹೇಗೆ ಬರೆದೆನೆಂದು ನನಗೂ ಈಗ ಸಂಕಟವಾಗುತ್ತಿದೆ. ಗದ್ದೆ ಕೆಲಸ ಮಾಡಿದ ತಾಯಿಯ ಮಗಳು ನಾನು.

ಕೋಟದ ಕಡೆಯವಳು (ಜನವರಿ 1)

ಸರಸೋತಿಗಾಗಿ ಮತ್ತೊಮ್ಮೆ ಓದುವುದಾದರೆ ಹೇಳಿ ಅಕ್ಕ, ನಾನೂ ಜೊತೆಗೆ ಶುರು ಮಾಡುತ್ತೇನೆ. ವಾರಕ್ಕೆ ಇಷ್ಟು ಪುಟ ಎಂದು ಇಟ್ಟುಕೊಳ್ಳೋಣ.

ಸಾಗರದ ಓದುಗಿ (ಜನವರಿ 9)

ನಿನ್ನೆ ರಾತ್ರಿ ನಡೆದದ್ದನ್ನು ತಿಳಿಸಬೇಕು. ಅತ್ತೆಯವರು ಈಗ ಮನೆಯಲ್ಲಿದ್ದಾರೆ, ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಊಟವಾದ ಮೇಲೆ ಅವರ ಮಂಚದ ಪಕ್ಕ ಕುಳಿತು ಕುಸುಮಬಾಲೆಯನ್ನು ಗಟ್ಟಿಯಾಗಿ ಓದತೊಡಗಿದೆ. ಇವರು ಮಲೆನಾಡಿನಲ್ಲೇ ಹುಟ್ಟಿ ಬೆಳೆದವರು, ಆ ಸೀಮೆಯ ಮಾತು ಕೇಳಿದವರಲ್ಲ. ಮೊದಲ ಪುಟಗಳಲ್ಲಿ 'ಏನಂದೆ?' ಎಂದು ನಾಲ್ಕೈದು ಸಲ ಕೇಳಿದರು. ನಾನು ಇನ್ನೂ ನಿಧಾನವಾಗಿ ಓದಿದೆ. ಹಾಗೆ ಓದುವಾಗ, ಜುಲೈನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದ ಪದಗಳು ಒಂದೊಂದಾಗಿ ಬಿಡಿಸಿಕೊಂಡವು, ನಂಜನಗೂಡಿನ ತಮ್ಮ ಹೇಳಿದ ಹಕಾರವನ್ನು ನಾನೇ ಬಾಯಲ್ಲಿ ತುಂಬಿಕೊಂಡೆ. ಮುಂದಿನದಕ್ಕೆ ಕಾಯಲಾರದೆ ಕಡೆಗೆ ಜೋತಮ್ಮಂದಿರು ಬರುವ ಭಾಗವನ್ನೇ ಹುಡುಕಿ ತೆಗೆದು ಓದಿದೆ. ಅತ್ತೆ ಮಧ್ಯದಲ್ಲಿ ಒಂದು ಮಾತೂ ಆಡದೆ ಕೇಳಿದರು. ಮುಗಿದ ಮೇಲೆ, ಆರಿಸಿದ ದೀಪಗಳೆಲ್ಲ ಊರ ಗುಡಿಯಲ್ಲಿ ಸೇರಿ ಮಾತಾಡುವ ಕಥೆಯನ್ನು ತಮ್ಮ ಅಜ್ಜಿ ಹೇಳುತ್ತಿದ್ದರೆಂದು ಹೇಳಿ, ಆ ಕಥೆಯನ್ನು ಪೂರ್ತಿಯಾಗಿ ಹೇಳಿದರು. ಈ ಮನೆಗೆ ಬಂದು ಹದಿನೈದು ವರ್ಷವಾದರೂ ನಾನು ಅದನ್ನು ಕೇಳಿರಲಿಲ್ಲ.

ಹೊತ್ತಾಯಿತೆಂದು ನಾನು ಎದ್ದು 'ದೀಪ ಆರಿಸ್ತೀನಿ' ಎಂದೆ. ಅವರು ದಿಂಬಿನಿಂದ ತಲೆ ಎತ್ತಿ, 'ಆರಿಸೋದು ಅನ್ನಬಾರದು ಕಣೇ, ದೊಡ್ಡದು ಮಾಡ್ತೀನಿ ಅನ್ನು. ಅವು ಈಗ ಹೊರಡೋ ಹೊತ್ತು' ಎಂದರು.